ಓದುಗರ ಪ್ರಶ್ನೆ, ನಮ್ಮ ಉತ್ತರ: ಸರ್ಕಾರವೇ ಜೈಲಿನ ಮೇಲೆ ಕೇಸ್ ಹಾಕಿದಾಗ

ಹೋದ ಸಂಚಿಕೇಲಿ ಅಮೆರಿಕದ ಕೌಂಟಿ (ನಮ್ಮ ಜಿಲ್ಲೆ ಥರ) ಜೈಲುಗಳ ಬಗ್ಗೆ ನಾಲ್ಕು ಸಾಲಿನ ಒಂದು ಉತ್ತರ ಬರ್ದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತೆ ಅಂತ ನಿಜವಾಗ್ಲೂ ಅಂದ್ಕೊಂಡಿರ್ಲಿಲ್ಲ. ಅಲ್ಲೇ ನೆಲೆಸಿರೋ ಕನ್ನಡಿಗರು ಜಾಸ್ತಿ ಬರ್ದಿದಾರೆ, ಕೆಲವರಿಗೆ ಕುತೂಹಲ, ಕೆಲವರಿಗೆ ಸಿಟ್ಟು, ಇಬ್ಬರು ಮೂವರಿಗೆ ಮನೆಯವರೇ ಒಳಗಿದಾರೆ ಅನ್ನೋ ಸಂಕಟ. ಅದಕ್ಕೇ ಈ ಸಲ ಪೂರ್ತಿ ಅಂಕಣ ಇದಕ್ಕೇ ಇಟ್ಟಿದೀನಿ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಟ್ಲಾಂಟಾದಲ್ಲಿ ಇದೀನಿ. ಇಲ್ಲಿನ ಫುಲ್ಟನ್ ಕೌಂಟಿ ಜೈಲಿನ ಮೇಲೆ ಅಮೆರಿಕ ಸರ್ಕಾರವೇ ಕೇಸ್ ಹಾಕಿದೆ ಅಂತ ಓದಿದೆ. ಜೈಲು ಸರ್ಕಾರದ್ದೇ ಅಲ್ವಾ ಸರ್, ಸರ್ಕಾರ ತನ್ನ ಮೇಲೆ ತಾನೇ ಕೇಸ್ ಹಾಕ್ಕೊಳ್ಳೋದು ಹೇಗೆ?

ಉತ್ತರ: ಈ ಗೊಂದಲ ತುಂಬಾ ಜನಕ್ಕಿದೆ. ಅಲ್ಲಿ ಜೈಲು ಬೇರೆ, ಪ್ರಿಸನ್ ಬೇರೆ. ಶಿಕ್ಷೆ ಆಗಿ ವರ್ಷಗಟ್ಟಲೆ ಇರಬೇಕಾದವರು ಹೋಗೋದು ಪ್ರಿಸನ್ನಿಗೆ, ಅದನ್ನ ನಡೆಸೋದು ರಾಜ್ಯ ಅಥವಾ ಫೆಡರಲ್ (ಅಂದ್ರೆ ಅಲ್ಲಿನ ಕೇಂದ್ರ) ಸರ್ಕಾರ. ಜೈಲು ಅಂದ್ರೆ ಕೌಂಟಿದು ಅಥವಾ ಸಿಟಿದು, ಹೆಚ್ಚಿನ ಕಡೆ ಅದನ್ನ ನೋಡ್ಕೊಳ್ಳೋದು ಶೆರಿಫ್, ಆ ಶೆರಿಫ್ ಜನರ ವೋಟಿಂದ ಗೆದ್ದು ಬಂದಿರ್ತಾರೆ, ವಾಷಿಂಗ್ಟನ್ನಿನ ಕೈಕೆಳಗಿನ ನೌಕರ ಅಲ್ಲ. ಆದ್ರಿಂದ ಫೆಡರಲ್ ಸರ್ಕಾರ ಫೋನ್ ಮಾಡಿ 'ನಾಳೆಯಿಂದ ಸರಿ ಮಾಡಿ' ಅಂತ ಆರ್ಡರ್ ಹಾಕೋಕಾಗಲ್ಲ, ಕೋರ್ಟಿಗೇ ಹೋಗ್ಬೇಕು.

ಕೋರ್ಟಿಗೆ ಹೋಗೋಕೂ ಒಂದು ಕಾಲದಲ್ಲಿ ದಾರಿ ಇರ್ಲಿಲ್ಲ. 1970ರ ದಶಕದಲ್ಲಿ ಮೇರಿಲ್ಯಾಂಡ್ ಮತ್ತು ಮೊಂಟಾನಾದಲ್ಲಿ ಬುದ್ಧಿಮಾಂದ್ಯರನ್ನ ಇಟ್ಟಿದ್ದ ಸರ್ಕಾರಿ ಸಂಸ್ಥೆಗಳ ಸ್ಥಿತಿ ನೋಡಿ ನ್ಯಾಯ ಇಲಾಖೆ ಕೇಸ್ ಹಾಕ್ತು, ಕೋರ್ಟುಗಳು 'ಇಲಾಖೆಯ ಮುಖ್ಯಸ್ಥ ಅಟಾರ್ನಿ ಜನರಲ್‌ಗೆ ಹೀಗೆ ಕೇಸ್ ಹಾಕೋ ಅಧಿಕಾರ ಯಾವ ಕಾನೂನಲ್ಲೂ ಇಲ್ಲ' ಅಂತ ವಾಪಸ್ ಕಳಿಸಿದ್ವು. ಒಳಗೆ ಏನ್ ನಡೀತಿದೆ ಅಂತ ಕಣ್ಣಿಗೆ ಕಾಣ್ತಿದ್ರೂ ಬಾಗಿಲಲ್ಲೇ ನಿಲ್ಲಬೇಕಾಯ್ತು. ಆಮೇಲೆ 1980ರಲ್ಲಿ ಕಾಂಗ್ರೆಸ್, ಅಂದ್ರೆ ಅಲ್ಲಿನ ಸಂಸತ್ತು, ಒಂದು ಕಾನೂನು ಮಾಡ್ತು, ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ರು. ಅದರ ಹೆಸರಿನ ಮೊದಲ ಅಕ್ಷರಗಳನ್ನ ಸೇರಿಸಿ ಎಲ್ಲರೂ ಕ್ರಿಪಾ ಅಂತಾರೆ, ಕೇಳೋಕೆ ನಮ್ಮ 'ಕೃಪೆ' ಥರ ಇದ್ರೂ ಅರ್ಥ ಸಂಸ್ಥೆಗಳಲ್ಲಿ ಇರೋರ ನಾಗರಿಕ ಹಕ್ಕುಗಳ ಕಾಯ್ದೆ ಅಂತ. ರಾಜ್ಯ ಅಥವಾ ಸ್ಥಳೀಯ ಸರ್ಕಾರದ ಜೈಲು, ಪ್ರಿಸನ್, ಮಾನಸಿಕ ಆಸ್ಪತ್ರೆ, ವೃದ್ಧರ ನರ್ಸಿಂಗ್ ಹೋಂ, ಬಾಲಾಪರಾಧಿಗಳ ಕೇಂದ್ರ ಇಷ್ಟಕ್ಕೂ ಇದು ಅನ್ವಯ. ಫೆಡರಲ್ ಪ್ರಿಸನ್ನುಗಳಿಗೆ ಅನ್ವಯ ಆಗಲ್ಲ.

ಇನ್ನು ಫುಲ್ಟನ್ ವಿಷಯ. 2022ರ ಸೆಪ್ಟೆಂಬರಲ್ಲಿ ರೈಸ್ ಸ್ಟ್ರೀಟಿನ ಆ ಜೈಲಿನ ಮಾನಸಿಕ ರೋಗಿಗಳ ವಿಭಾಗದಲ್ಲಿ 35 ವರ್ಷದ ಒಬ್ಬರು ಸತ್ತು ಬಿದ್ದಿದ್ದು ಸಿಕ್ತು, ಸೆಲ್ ತುಂಬ ತಿಗಣೆ, ಮೈ ತುಂಬ ತಿಗಣೆ. ಒಂದು ಸಣ್ಣ ಹಲ್ಲೆ ಕೇಸಲ್ಲಿ ಬಂದವರು, ತಪ್ಪಿತಸ್ಥ ಅಂತ ಯಾವ ಕೋರ್ಟೂ ಹೇಳಿರ್ಲಿಲ್ಲ, ಮೂರು ತಿಂಗಳು ಒಳಗಿದ್ರು ಅಷ್ಟೇ. 2023ರ ಜುಲೈನಲ್ಲಿ ನ್ಯಾಯ ಇಲಾಖೆ ತನಿಖೆ ಶುರು ಮಾಡ್ತು, 2024ರ ನವೆಂಬರಲ್ಲಿ ವರದಿ ಹೊರಗೆ ಬಂತು. 2023 ಒಂದೇ ವರ್ಷದಲ್ಲಿ 300ಕ್ಕೂ ಹೆಚ್ಚು ಚೂರಿ ಇರಿತ ಅಂತ ಅದರಲ್ಲಿದೆ. ಚೂರಿ ಎಲ್ಲಿಂದ ಬಂತು ಅಂತೀರಾ, ಕಟ್ಟಡವೇ ಕುಸೀತಿತ್ತು, ಗೋಡೆಯಿಂದ ಕಿತ್ತ ತುಂಡುಗಳನ್ನೇ ಮಸೆದು ಚೂಪು ಮಾಡ್ಕೊಳ್ತಿದ್ರು. ಹದಿನೇಳು ವರ್ಷದ ಹುಡುಗರೂ ಅಲ್ಲಿದ್ರು, ಯಾಕಂದ್ರೆ ಜಾರ್ಜಿಯಾದಲ್ಲಿ ಕ್ರಿಮಿನಲ್ ಕೇಸಿನ ಮಟ್ಟಿಗೆ 17 ಅಂದ್ರೆ ದೊಡ್ಡವರ ಲೆಕ್ಕ. 2025ರ ಜನವರಿಯಲ್ಲಿ ಕೇಸ್ ಫೈಲ್ ಆಯ್ತು, ಜೊತೆಗೇ ಎರಡೂ ಕಡೆಯವರು ಒಪ್ಪಿದ ಕರಾರೂ ಕೋರ್ಟ್ ಮುಂದೆ ಬಂತು. ನೀವು ಓದಿರೋದು ಇದೇ.

ಪ್ರಶ್ನೆ: ತಪ್ಪು ಮಾಡಿ ಒಳಗೆ ಹೋದವರಿಗೆ ಇಷ್ಟೆಲ್ಲಾ ಉಪಚಾರ ಯಾಕೆ? ನಾನು ಕಟ್ಟೋ ಟ್ಯಾಕ್ಸ್ ಅದು. ನೇರವಾಗಿ ಕೇಳಿದ್ದಕ್ಕೆ ಬೇಜಾರಾಗ್ಬೇಡಿ.

ಉತ್ತರ: ಬೇಜಾರೇನಿಲ್ಲ, ನೇರವಾಗೇ ಉತ್ತರ ಕೊಡ್ತೀನಿ. 'ತಪ್ಪು ಮಾಡಿ ಒಳಗೆ ಹೋದವರು' ಅಂದ್ರಲ್ಲ, ಅಲ್ಲೇ ಎಡವಿದೀರ. ಅಮೆರಿಕದ ಸ್ಥಳೀಯ ಜೈಲುಗಳಲ್ಲಿ ಯಾವತ್ತು ಲೆಕ್ಕ ಹಾಕಿದ್ರೂ ಮೂರರಲ್ಲಿ ಎರಡು ಪಾಲು ಜನಕ್ಕೆ ಇನ್ನೂ ಶಿಕ್ಷೆಯೇ ಆಗಿರಲ್ಲ, ವಿಚಾರಣೆಗೆ ಕಾಯ್ತಿರ್ತಾರೆ. ಅವರಲ್ಲಿ ಎಷ್ಟೋ ಜನ ಬೇಲ್ ದುಡ್ಡು ಹೊಂದಿಸೋಕಾಗ್ದೇ ಕೂತಿರ್ತಾರೆ. ಅದೇ ಆರೋಪ, ಅದೇ ದಿನ ಅರೆಸ್ಟ್ ಆದ ಇನ್ನೊಬ್ಬ ದುಡ್ಡು ಕಟ್ಟಿ ರಾತ್ರಿ ಊಟಕ್ಕೆ ಮನೆಗೆ ಹೋಗಿರ್ತಾನೆ.

ಶಿಕ್ಷೆ ಆಗ್ದೇ ಇರೋರನ್ನ ಶಿಕ್ಷಿಸೋ ಹಾಗೇ ಇಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1979ರಲ್ಲಿ ಬೆಲ್ ವರ್ಸಸ್ ವುಲ್ಫಿಶ್ ಕೇಸಲ್ಲಿ ಹೇಳಿದೆ, ಅದಕ್ಕೆ ಆಧಾರ ಸಂವಿಧಾನದ ಹದಿನಾಲ್ಕನೇ ತಿದ್ದುಪಡಿ (ಆ ಕೇಸ್ ಫೆಡರಲ್ ಕೇಂದ್ರದ್ದಾದ್ರಿಂದ ಅದರಲ್ಲಿ ಬಂದಿದ್ದು ಐದನೇದು, ರಾಜ್ಯ ಕೌಂಟಿಗಳಿಗೆ ಹದಿನಾಲ್ಕನೇದು, ತತ್ವ ಒಂದೇ). ಶಿಕ್ಷೆ ಆದೋರಿಗೆ ಎಂಟನೇ ತಿದ್ದುಪಡಿ, ಕ್ರೂರ ಶಿಕ್ಷೆ ಕೂಡದು ಅನ್ನೋದು. ಅದಕ್ಕೂ ಮುಂಚೆ 1976ರಲ್ಲಿ ಎಸ್ಟೆಲ್ ವರ್ಸಸ್ ಗ್ಯಾಂಬಲ್ ಕೇಸಲ್ಲಿ ಇನ್ನೊಂದು ಮಾತು ಖಚಿತ ಆಯ್ತು, ಖೈದಿಯ ಗಂಭೀರ ಕಾಯಿಲೆಯನ್ನ ಗೊತ್ತಿದ್ದೂ ಕಡೆಗಣಿಸಿದ್ರೆ ಅದೂ ಸಂವಿಧಾನದ ಉಲ್ಲಂಘನೆಯೇ. ಕಾರಣ ಬಹಳ ಸರಳ. ಹೊರಗಿರೋ ನೀವು ಜ್ವರ ಬಂದ್ರೆ ಡಾಕ್ಟರ್ ಹತ್ರ ಹೋಗ್ತೀರ, ಡಾಕ್ಟರ್ ಸರಿಯಿಲ್ಲ ಅಂದ್ರೆ ಇನ್ನೊಬ್ಬರ ಹತ್ರ ಹೋಗ್ತೀರ. ಒಳಗಿರೋನಿಗೆ ಆ ಬಾಗಿಲನ್ನ ಸರ್ಕಾರವೇ ಬೀಗ ಹಾಕಿ ಮುಚ್ಚಿದೆ, ಹಾಗಾಗಿ ಅವನ ಮಾತ್ರೆ, ಅವನ ನೀರು, ಅವನ ಪ್ರಾಣ ಎಲ್ಲಾ ಬೀಗದ ಕೈ ಇಟ್ಕೊಂಡೋರ ಜವಾಬ್ದಾರಿ.

ಟ್ಯಾಕ್ಸ್ ಮಾತಿಗೂ ಬರ್ತೀನಿ. ವರ್ಜೀನಿಯಾದ ಪೋರ್ಟ್ಸ್‌ಮತ್ ಊರಲ್ಲಿ ಹ್ಯಾಂಪ್ಟನ್ ರೋಡ್ಸ್ ರೀಜನಲ್ ಜೈಲ್ ಅಂತ ಇತ್ತು. 2015ರಲ್ಲಿ ಅಲ್ಲಿ 24 ವರ್ಷದ, ಮಾನಸಿಕ ಕಾಯಿಲೆ ಇದ್ದ ಒಬ್ಬ ಹುಡುಗ ಸತ್ತ. ಅವನ ಮೇಲಿದ್ದ ಆರೋಪ ಅಂಗಡಿಯಿಂದ ಒಂದು ಬಾಟ್ಲಿ ಸೋಡಾ, ಒಂದು ಚಾಕ್ಲೇಟ್, ಒಂದು ಕೇಕ್ ಕದ್ದ ಅನ್ನೋದು, ಒಟ್ಟು ಬೆಲೆ ಸುಮಾರು 5 ಡಾಲರ್. ಜಡ್ಜು ಇವನನ್ನ ಮಾನಸಿಕ ಆಸ್ಪತ್ರೆಗೆ ಕಳಿಸಿ ಅಂತ ಆರ್ಡರ್ ಬರ್ದಿದ್ರು, ಆ ಕಾಗದ ಆಸ್ಪತ್ರೆಯ ಒಂದು ಮೇಜಿನ ಡ್ರಾಯರಲ್ಲಿ ಬಿದ್ದಿತ್ತು. ಹುಡುಗ ಸೆಲ್ಲಲ್ಲೇ ಸೊರಗಿ ಸೊರಗಿ ಹೋದ. ಕೊನೆಗೆ ಕುಟುಂಬಕ್ಕೆ 30 ಲಕ್ಷ ಡಾಲರ್ ಪರಿಹಾರ ಕೊಡಬೇಕಾಯ್ತು. ಐದು ಡಾಲರ್ ಎಲ್ಲಿ, ಮೂವತ್ತು ಲಕ್ಷ ಎಲ್ಲಿ. ದುಡ್ಡು ಉಳಿಸೋದೇ ಮುಖ್ಯ ಅಂದ್ಕೊಂಡ್ರೂ ಮೊದಲೇ ಒಬ್ಬ ಡಾಕ್ಟರ್ ನೋಡಿದ್ರೆ ಎಷ್ಟು ಕಡಿಮೆ ಆಗ್ತಿತ್ತು ಯೋಚ್ನೆ ಮಾಡಿ. ನನಗಂತೂ ಆ ದುಡ್ಡಿಗಿಂತ ಆ ಡ್ರಾಯರೇ ಕಣ್ಮುಂದೆ ಬರುತ್ತೆ.

ಪ್ರಶ್ನೆ: ನನ್ನ ತಮ್ಮ ಒಂದು ಕೌಂಟಿ ಜೈಲಲ್ಲಿ ಇದಾನೆ, ವಿಚಾರಣೆ ಇನ್ನೂ ಆಗಿಲ್ಲ. ಅವನಿಗೆ ಶುಗರ್ ಇದೆ, ಇನ್ಸುಲಿನ್ ಹೊತ್ತಿಗೆ ಸರಿಯಾಗಿ ಕೊಡ್ತಿಲ್ಲ ಅಂತ ಫೋನಲ್ಲಿ ಅಳ್ತಾನೆ. ನ್ಯಾಯ ಇಲಾಖೆಗೆ ಬರೆದ್ರೆ ಅವನ ಪರವಾಗಿ ಕೇಸ್ ಹಾಕ್ತಾರಾ?

ಉತ್ತರ: ಅಕ್ಕಾ, ಮೊದಲು ಇವತ್ತೇ ಮಾಡ್ಬೇಕಾದ್ದು ಹೇಳ್ತೀನಿ, ಕಾನೂನು ಆಮೇಲೆ. ಜೈಲಿಗೆ ಫೋನ್ ಮಾಡಿ ಮೆಡಿಕಲ್ ಯೂನಿಟ್ ಕೊಡಿ ಅನ್ನಿ. 'ಖಾಸಗಿ ವಿಷಯ, ನಾವು ಏನೂ ಹೇಳೋ ಹಾಗಿಲ್ಲ' ಅಂತಾರೆ, ಅನ್ನಲಿ. ಅವರು ನಿಮಗೆ ಮಾಹಿತಿ ಕೊಡದೇ ಇರ್ಬಹುದು, ಆದ್ರೆ ನೀವು ಅವರಿಗೆ ಮಾಹಿತಿ ಕೊಡೋದನ್ನ ಯಾವ ಕಾನೂನೂ ತಡೆಯಲ್ಲ. ತಮ್ಮನ ಡಾಕ್ಟರಿಂದ ಪ್ರಿಸ್ಕ್ರಿಪ್ಷನ್, ಡೋಸ್, ಕೊನೆಯ ಬ್ಲಡ್ ರಿಪೋರ್ಟ್ ಫ್ಯಾಕ್ಸ್ ಮಾಡಿಸಿ, ಫ್ಯಾಕ್ಸ್ ಹೋದ ಚೀಟಿ ಇಟ್ಕೊಳಿ. ಯಾರ ಹತ್ರ ಮಾತಾಡಿದ್ರಿ, ಎಷ್ಟು ಗಂಟೆಗೆ, ಏನಂದ್ರು, ಒಂದು ನೋಟ್‌ಬುಕ್ಕಲ್ಲಿ ಬರೀತಾ ಹೋಗಿ. ಅವನ ಕ್ರಿಮಿನಲ್ ಕೇಸಿನ ವಕೀಲರಿಗೂ ಇವತ್ತೇ ತಿಳಿಸಿ, ಸರ್ಕಾರ ಕೊಟ್ಟಿರೋ ಪಬ್ಲಿಕ್ ಡಿಫೆಂಡರ್ ಆದ್ರೂ ಸರಿ, ಅವರು ಜಡ್ಜ್ ಮುಂದೆ ಇದನ್ನ ಎತ್ತಬಹುದು. ಒಂದು ಎಚ್ಚರಿಕೆ, ಜೈಲಿನ ಫೋನ್ ರೆಕಾರ್ಡ್ ಆಗುತ್ತೆ, ಅದರಲ್ಲಿ ಔಷಧಿ ಬಗ್ಗೆ ಎಷ್ಟು ಬೇಕಾದ್ರೂ ಮಾತಾಡಿ, ಅವನ ಮೇಲಿರೋ ಆರೋಪದ ಬಗ್ಗೆ ಒಂದಕ್ಷರ ಬೇಡ.

ಒಳಗಿರೋ ತಮ್ಮ ಮಾಡ್ಬೇಕಾದ್ದು ಗ್ರೀವೆನ್ಸ್ ಫಾರಂ ತುಂಬೋದು. ಇದು ಬರೀ ಕಾಗದ ಅಂತ ಎಷ್ಟೋ ಜನ ಬಿಟ್ಬಿಡ್ತಾರೆ, ಆಮೇಲೆ ಪಶ್ಚಾತ್ತಾಪ ಪಡ್ತಾರೆ. 1996ರಲ್ಲಿ ಬಂದ ಪ್ರಿಸನ್ ಲಿಟಿಗೇಶನ್ ರಿಫಾರ್ಮ್ ಆಕ್ಟ್ ಪ್ರಕಾರ ಒಳಗಿರುವಾಗ್ಲೇ ಫೆಡರಲ್ ಕೋರ್ಟಿಗೆ ಹೋಗ್ಬೇಕು ಅಂದ್ರೆ ಮೊದಲು ಜೈಲಿನ ಒಳಗಿನ ದೂರು ದಾರಿ, ಅಪೀಲಿನ ಸಮೇತ ಪೂರ್ತಿ ಮುಗಿಸಿರ್ಬೇಕು, ಅದೂ ಅವರು ಹೇಳಿದ ಗಡುವಿನ ಒಳಗೇ. ವಿಚಾರಣೆಗೆ ಕಾಯ್ತಿರೋರಿಗೂ ಇದೇ ನಿಯಮ. ಗಡುವು ಕೆಲವು ಕಡೆ ಬರೀ ಕೆಲವು ದಿನ ಇರುತ್ತೆ. ಫಾರಂ ಕೇಳಿದ್ರೂ ಕೊಡ್ಲಿಲ್ಲ ಅಂದ್ರೆ, ಹಾಗೆ ಸಿಗದೇ ಇರೋ ದಾರಿಯನ್ನ ಮುಗಿಸಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ, ಆದ್ರೆ ಯಾವತ್ತು ಕೇಳಿದ, ಯಾರು ಇಲ್ಲ ಅಂದ್ರು ಅಂತ ಬರ್ದಿಟ್ಕೊಂಡಿದ್ರೆ ಮಾತ್ರ ಅದನ್ನ ತೋರಿಸೋಕಾಗೋದು. ಫಾರಂ ಮೇಲೆ 'ಔಷಧಿ ಸರಿಯಾಗಿ ಕೊಡ್ತಿಲ್ಲ' ಅಂತ ಬರೆದ್ರೆ ಏನೂ ಬರೆದ ಹಾಗಾಗಲ್ಲ. ಇಂಥ ದಿನ ಬೆಳಗ್ಗೆ ಡೋಸ್ ತಪ್ತು, ಮಧ್ಯಾಹ್ನ ಶುಗರ್ ಇಷ್ಟಿತ್ತು, ಇಷ್ಟು ಹೊತ್ತಿಗೆ ನರ್ಸಿಗೆ ಹೇಳಿದೆ, ಹೀಗೆ ಬರೀಬೇಕು.

ಈಗ ನಿಮ್ಮ ಪ್ರಶ್ನೆ. ನ್ಯಾಯ ಇಲಾಖೆ ತಮ್ಮನ ವಕೀಲ ಆಗಲ್ಲ. ಕ್ರಿಪಾ ಅಡಿಯಲ್ಲಿ ಅವರು ನೋಡೋದು ಇಡೀ ಜೈಲಲ್ಲಿ ಇದು ಮತ್ತೆ ಮತ್ತೆ ನಡೆಯೋ ಚಾಳಿನಾ ಅಂತ, ಒಬ್ಬರಿಗಾದ ಅನ್ಯಾಯಕ್ಕೆ ದುಡ್ಡು ಕೊಡಿಸೋಕೆ ಆ ಕಾನೂನಲ್ಲಿ ಅವಕಾಶವೇ ಇಲ್ಲ, ಕೋರ್ಟಿಂದ ಸಿಗೋದು 'ಹೀಗೆ ಬದಲಾಯಿಸಿ' ಅನ್ನೋ ಆದೇಶ ಮಾತ್ರ. ತಮ್ಮನ ಪರಿಹಾರಕ್ಕೆ ಬೇರೆ ಕಾನೂನಿದೆ, ಎಲ್ಲರೂ ಸೆಕ್ಷನ್ 1983 ಅಂತಾರೆ, 1871ರಿಂದ ಇದೆ, ಅದಕ್ಕೆ ನಿಮ್ಮದೇ ವಕೀಲರು ಬೇಕು, ಕೇಸ್ ಹಾಕೋ ಗಡುವು ರಾಜ್ಯಕ್ಕೊಂದು ಥರ. ಆದ್ರೂ ನ್ಯಾಯ ಇಲಾಖೆಗೆ ಬರೆಯೋದನ್ನ ಬಿಡ್ಬೇಡಿ. ಅವರ ಸಿವಿಲ್ ರೈಟ್ಸ್ ಡಿವಿಷನ್ ವೆಬ್‌ಸೈಟಲ್ಲೇ ದೂರಿನ ಫಾರಂ ಇದೆ. ನಿಮ್ಮ ಪತ್ರ ಒಂದೇ ಇದ್ರೆ ಒಂದು ಪತ್ರ, ಅದೇ ಜೈಲಿನ ಇನ್ಸುಲಿನ್ ಬಗ್ಗೆ ಹತ್ತು ಮನೆಗಳಿಂದ ಹತ್ತು ಪತ್ರ ಬಂದ್ರೆ ಅದು ಚಾಳಿ ಅಂತ ಅವರ ಕಣ್ಣಿಗೆ ಬೀಳುತ್ತೆ.

ಪ್ರಶ್ನೆ: ನಾನು ನರ್ಸ್, ಒಂದು ಕಾಂಟ್ರಾಕ್ಟ್ ಕಂಪನಿ ಮೂಲಕ ಜೈಲಲ್ಲಿ ಕೆಲಸ. ಆತ್ಮಹತ್ಯೆ ಮಾಡ್ಕೋಬಹುದು ಅಂತ ಗುರುತಿಸಿದವರನ್ನ ಪ್ರತಿ ಹದಿನೈದು ನಿಮಿಷಕ್ಕೆ ನೋಡಿ ಬರೀಬೇಕು. ಒಂದು ರಾತ್ರಿ ಹತ್ತು ಗಂಟೆಗೆ ಹೋದಾಗ ಆ ಶೀಟಲ್ಲಿ ಬೆಳಗಿನ ಜಾವ ಎರಡು ಗಂಟೆವರೆಗೂ ಆಗ್ಲೇ ತುಂಬಿತ್ತು. ಯಾರಿಗೆ ಹೇಳೋದು ಗೊತ್ತಾಗ್ತಿಲ್ಲ, ಕೆಲಸ ಹೋಗುತ್ತೆ ಅಂತ ಭಯ.

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತ್ಬಿಟ್ಟೆ. ಹತ್ತು ಕಾಲು, ಹತ್ತೂವರೆ, ಹತ್ತೂ ಮುಕ್ಕಾಲು, ಎಲ್ಲಾ ಒಂದೇ ಪೆನ್ನು, ಒಂದೇ ಓಟದ ಕೈಬರಹ, ಎಲ್ಲದರ ಮುಂದೂ 'ಸರಿಯಿದಾನೆ' ಅಂತ. ಇನ್ನೂ ಬಂದಿಲ್ಲದ ಹೊತ್ತಲ್ಲಿ ಒಬ್ಬ ಮನುಷ್ಯ ಬದುಕಿದಾನೆ ಅಂತ ಸಹಿ.

ಇದು ಸಣ್ಣ ವಿಷಯ ಅಲ್ವೇ ಅಲ್ಲ. ಅಮೆರಿಕದ ನ್ಯಾಯ ಇಲಾಖೆಯ ಅಂಕಿಅಂಶ ವಿಭಾಗ ವರ್ಷಗಟ್ಟಲೆ ತೋರಿಸ್ತಾ ಬಂದಿರೋ ಪ್ರಕಾರ ಸ್ಥಳೀಯ ಜೈಲುಗಳ ಸಾವುಗಳಲ್ಲಿ ಒಂದೇ ಕಾರಣ ಅಂತ ತಗೊಂಡ್ರೆ ಆತ್ಮಹತ್ಯೆಯೇ ಮೊದಲು. ಬಂದ ಮೊದಮೊದಲ ದಿನಗಳೇ ಅಪಾಯ, ಕುಡಿತ ಅಥವಾ ಡ್ರಗ್ಸ್ ಇಳೀತಿರುತ್ತೆ, ಕೆಲಸ ಹೋಯ್ತು ಮಾನ ಹೋಯ್ತು ಅನ್ನೋ ಕತ್ತಲೆ ತುಂಬಿರುತ್ತೆ. ಆ ಹದಿನೈದು ನಿಮಿಷದ ನಿಯಮ ಇರೋದೇ ಅದಕ್ಕೆ. ತನಿಖೆಗೆ ಬರೋರು ಮೊದಲು ಕೇಳೋ ಕಾಗದಗಳಲ್ಲಿ ಈ ಶೀಟೂ ಒಂದು, ಅದನ್ನ ಕ್ಯಾಮೆರಾ ರೆಕಾರ್ಡಿಂಗ್ ಜೊತೆ ಇಟ್ಟು ತಾಳೆ ನೋಡ್ತಾರೆ.

ನೀವು ಮಾಡ್ಬೇಕಾದ್ದು: ಕಂಡಿದ್ದನ್ನ ಆ ದಿನವೇ, ತಾರೀಖು, ಹೊತ್ತು, ಯಾವ ಘಟಕ ಅನ್ನೋದರ ಸಮೇತ ನಿಮ್ಮ ಸ್ವಂತ ಪುಸ್ತಕದಲ್ಲಿ ಬರ್ದಿಡಿ. ರೋಗಿಯ ಫೈಲಿನ ಫೋಟೋ ತೆಗೆದು ಮನೆಗೆ ತರೋದು ಮಾತ್ರ ಬೇಡ, ಅದು ನಿಮಗೇ ತಿರುಗುಬಾಣ ಆಗ್ಬಹುದು. ಮೇಲಿನವರಿಗೆ ಬಾಯಲ್ಲಿ ಹೇಳ್ಬೇಡಿ, ಈಮೇಲ್ ಮಾಡಿ. ಕ್ರಿಪಾದಲ್ಲಿ ಒಂದು ಕಲಮು ಇದೆ, ಸಂಸ್ಥೆಯ ಒಳಗಿನ ಸ್ಥಿತಿ ಬಗ್ಗೆ ಅಟಾರ್ನಿ ಜನರಲ್‌ಗೆ ತಿಳಿಸಿದವರ ಮೇಲೆ ಯಾರೂ ಸೇಡು ತೀರಿಸ್ಕೊಳ್ಳೋ ಹಾಗಿಲ್ಲ ಅಂತ. ಕೆಲಸದ ರಕ್ಷಣೆಗೆ ಅದರ ಜೊತೆ ರಾಜ್ಯದ ಕಾನೂನುಗಳೂ ಬೇಕಾಗುತ್ತೆ, ಆದ್ರಿಂದ ದೂರು ಕಳಿಸೋ ಮುಂಚೆ ಒಬ್ಬ ಎಂಪ್ಲಾಯ್‌ಮೆಂಟ್ ವಕೀಲರ ಹತ್ರ ಒಂದು ಗಂಟೆ ಕೂತ್ಕೊಳ್ಳಿ. ಮತ್ತೆ ಅಮ್ಮಾ, ನಿಮ್ಮ ಪಾಳಿಯಲ್ಲಿ ಆ ಮನುಷ್ಯನನ್ನ ನೀವೇ ಹೋಗಿ ನೋಡಿ, ನೋಡಿದ ಹೊತ್ತನ್ನೇ ಬರೀರಿ, ಹತ್ತು ಹದಿನೇಳಾದ್ರೆ ಹತ್ತು ಹದಿನೇಳು ಅಂತಲೇ.

ಪ್ರಶ್ನೆ: ಕಾನೂನು ಓದ್ತಿದೀನಿ. ತನಿಖೆಯಿಂದ ಕೇಸಿನವರೆಗೂ ಯಾವ ಹಂತಗಳು ಇರ್ತವೆ ಅಂತ ಸ್ವಲ್ಪ ಹೇಳ್ತೀರಾ ಸರ್?

ಉತ್ತರ: ಹೇಳ್ತೀನಪ್ಪಾ. ದೂರುಗಳು, ಪತ್ರಿಕೆ ವರದಿಗಳು, ವಕೀಲರ ಪತ್ರಗಳು ಸೇರಿ ಒಂದು ಗುಡ್ಡೆ ಆದಾಗ ಸಿವಿಲ್ ರೈಟ್ಸ್ ಡಿವಿಷನ್ನಿನ ಸ್ಪೆಷಲ್ ಲಿಟಿಗೇಶನ್ ವಿಭಾಗ ತನಿಖೆಗೆ ಇಳಿಯುತ್ತೆ. ಶುರು ಮಾಡೋಕೆ ಕನಿಷ್ಠ 7 ದಿನ ಮೊದಲು ಆ ಸ್ಥಳೀಯ ಸರ್ಕಾರಕ್ಕೆ ಲಿಖಿತವಾಗಿ ತಿಳಿಸ್ಬೇಕು. ಆಮೇಲೆ ಡಾಕ್ಟರುಗಳು, ಜೈಲು ನಡೆಸಿ ಅನುಭವ ಇರೋರು, ಮನೋವೈದ್ಯರು ಇವರನ್ನ ಕರ್ಕೊಂಡು ಒಳಗೆ ಹೋಗ್ತಾರೆ, ಖೈದಿಗಳ ಜೊತೆ ಒಬ್ಬೊಬ್ಬರಾಗಿ ಮಾತಾಡ್ತಾರೆ, ಸಾವಿರಾರು ಪುಟ ದಾಖಲೆ ಓದ್ತಾರೆ. ಕೊನೆಗೆ ಸಾರ್ವಜನಿಕವಾಗಿ ಒಂದು ವರದಿ, ಅದರಲ್ಲಿ ಏನು ತಪ್ಪಿದೆ, ಯಾವ ಆಧಾರದ ಮೇಲೆ ಹೇಳ್ತಿದೀವಿ, ಕನಿಷ್ಠ ಏನು ಸರಿ ಮಾಡ್ಬೇಕು ಮೂರೂ ಇರುತ್ತೆ. ಅದು ತಲುಪಿದ ಮೇಲೆ 49 ದಿನ ಆಗದೇ ಕೇಸ್ ಫೈಲ್ ಮಾಡೋ ಹಾಗಿಲ್ಲ. ಕೇಸಿನ ಅರ್ಜಿಗೆ ಅಟಾರ್ನಿ ಜನರಲ್ ತಾವೇ ಖುದ್ದಾಗಿ ಸಹಿ ಹಾಕ್ಬೇಕು ಅಂತಲೂ ಕಾನೂನಲ್ಲೇ ಬರ್ದಿದೆ, ಕೆಳಗಿನವರು ಯಾರೋ ಅವಸರದಲ್ಲಿ ಹಾಕಿಬಿಡೋ ಕೇಸ್ ಆಗ್ಬಾರ್ದು ಅಂತ.

ಹೆಚ್ಚಿನ ಸಲ ವಾದ ವಿವಾದ, ಸಾಕ್ಷಿ ವಿಚಾರಣೆ ಅಂತ ನಡೆಯೋದೇ ಇಲ್ಲ. ಮಾತುಕತೆ ಆಗಿ ಕನ್ಸೆಂಟ್ ಡಿಕ್ರಿ ಆಗುತ್ತೆ, ಅಂದ್ರೆ ಎರಡೂ ಕಡೆಯವರು ಒಪ್ಪಿದ ಕರಾರಿಗೆ ಜಡ್ಜು ಮೊಹರು ಒತ್ತೋದು, ಮುರಿದ್ರೆ ಕೋರ್ಟ್ ನಿಂದನೆ. ನೀನು ಓದುವಾಗ ಗಮನಿಸ್ಬೇಕಾದ ಇನ್ನೊಂದಿದೆ, ಆ 1996ರ ಕಾಯ್ದೆಯ ಪ್ರಕಾರ ಕೋರ್ಟ್ ಕೊಡೋ ಪರಿಹಾರ ಉಲ್ಲಂಘನೆ ಸರಿ ಮಾಡೋಕೆ ಎಷ್ಟು ಬೇಕೋ ಅಷ್ಟೇ ಇರ್ಬೇಕು, ಎರಡು ವರ್ಷ ಆದ ಮೇಲೆ 'ಇದನ್ನ ಮುಗಿಸಿ' ಅಂತ ಕೌಂಟಿ ಅರ್ಜಿ ಹಾಕ್ಬಹುದು. ಆಗ ಉಲ್ಲಂಘನೆ ಇನ್ನೂ ನಡೀತಿದೆ ಅಂತ ತೋರಿಸಿದ್ರೆ ಮಾತ್ರ ಮುಂದುವರಿಯುತ್ತೆ.

ಪ್ರಶ್ನೆ: ಇಷ್ಟೆಲ್ಲಾ ಮಾಡಿ ಏನಾದ್ರೂ ಬದಲಾಗಿದೆಯಾ? ನ್ಯೂಯಾರ್ಕಲ್ಲಿ ಮೂವತ್ತು ವರ್ಷದಿಂದ ಇದೀನಿ, ಇಲ್ಲಿನ ರೈಕರ್ಸ್ ಜೈಲಿನ ಬಗ್ಗೆ ಬರೋ ಸುದ್ದಿ ಅಂದಿನಿಂದ ಇಂದಿನವರೆಗೂ ಒಂದೇ ಥರ ಇದೆ.

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ರೈಕರ್ಸಿನ ಕತೆ ಹೀಗಿದೆ: ಸಿಬ್ಬಂದಿ ಹೊಡೆಯೋದರ ಬಗ್ಗೆ ಖೈದಿಗಳ ಪರವಾಗಿ 2011ರಲ್ಲಿ ನುನೆಜ್ ಕೇಸ್ ಶುರುವಾಯ್ತು, 2014ರಲ್ಲಿ ಹದಿಹರೆಯದ ಹುಡುಗರ ಮೇಲಿನ ಹೊಡೆತದ ಬಗ್ಗೆ ಫೆಡರಲ್ ವರದಿ ಬಂತು, ಅದೇ ವರ್ಷ ಡಿಸೆಂಬರಲ್ಲಿ ಫೆಡರಲ್ ಸರ್ಕಾರವೂ ಆ ಕೇಸಿಗೆ ಸೇರ್ಕೊಳ್ತು, 2015ರಲ್ಲಿ ಕರಾರು ಆಯ್ತು. ಒಂಬತ್ತು ವರ್ಷ ಮಾನಿಟರ್ (ಕರಾರು ಪಾಲಿಸ್ತಿದಾರಾ ಅಂತ ನಿಗಾ ಇಡೋರು) ವರದಿ ಮೇಲೆ ವರದಿ. 2024ರ ನವೆಂಬರಲ್ಲಿ ಜಡ್ಜ್ ಲಾರಾ ಟೇಲರ್ ಸ್ವೈನ್ ನಗರಾಡಳಿತ ಕೋರ್ಟ್ ನಿಂದನೆ ಮಾಡಿದೆ ಅಂತ ತೀರ್ಪು ಕೊಟ್ರು, 2025ರ ಮೇನಲ್ಲಿ ಕೋರ್ಟಿಗೇ ಉತ್ತರ ಕೊಡೋ ಒಬ್ಬ ಹೊರಗಿನ ಅಧಿಕಾರಿ ಬೇಕು ಅಂತ ಆದೇಶ ಮಾಡಿದ್ರು.

ಮಿಸಿಸಿಪ್ಪಿಯ ಹೈಂಡ್ಸ್ ಕೌಂಟಿಯಲ್ಲೂ ಇದೇ, 2016ರಲ್ಲಿ ಒಪ್ಪಂದ, 2022ರಲ್ಲಿ ಕೋರ್ಟ್ ನಿಂದನೆ, ಅದೇ ವರ್ಷ ಜಡ್ಜ್ ಕಾರ್ಲ್‌ಟನ್ ರೀವ್ಸ್ ಜೈಲನ್ನ ರಿಸೀವರ್ (ಕೋರ್ಟೇ ನೇಮಿಸೋ ಉಸ್ತುವಾರಿ) ಕೈಗೆ ಕೊಡಬೇಕು ಅಂದ್ರು, ಅಪೀಲಿನಲ್ಲಿ ಅದು ವರ್ಷಗಟ್ಟಲೆ ನಿಂತಿತು. ನ್ಯೂ ಆರ್ಲಿಯನ್ಸಲ್ಲಿ 2013ರಲ್ಲಿ ಕರಾರು ಆಗಿ 2015ರಲ್ಲಿ ಹೊಸ ಕಟ್ಟಡಾನೇ ಬಂತು, ಆದ್ರೂ 2025ರ ಮೇನಲ್ಲಿ ಹತ್ತು ಜನ ಟಾಯ್ಲೆಟ್ ಹಿಂದಿನ ಗೋಡೆ ತೂತಿನಿಂದ ಪಾರಾದ್ರು. ಕಟ್ಟಡ ಹೊಸದಾದ್ರೆ ಸಾಕಾಗಲ್ಲ, ಕಾಯೋಕೆ ಜನ ಬೇಕು. ನಿಮ್ಮ ಅನುಮಾನಕ್ಕೆ ಇನ್ನೂ ದೊಡ್ಡ ಆಧಾರ ಫುಲ್ಟನ್ನೇ: ಅದೇ ಜೈಲು 2006ರಿಂದ 2015ರವರೆಗೆ ಇನ್ನೊಂದು ಕೇಸಿನ ಕನ್ಸೆಂಟ್ ಡಿಕ್ರಿ ಕೆಳಗೇ ಇತ್ತು. ನಿಗಾ ಹೋಯ್ತು, ಹತ್ತು ವರ್ಷದಲ್ಲಿ ಮತ್ತೆ ಅದೇ ಕೋರ್ಟ್ ಮೆಟ್ಟಿಲು.

ಹಾಗಂತ ಎಲ್ಲಾ ವ್ಯರ್ಥ ಅನ್ನೋಕೆ ನನ್ನ ಮನಸ್ಸು ಒಪ್ಪಲ್ಲ. ಶಿಕಾಗೋದ ಕುಕ್ ಕೌಂಟಿ ಜೈಲು 2010ರಲ್ಲಿ ಕೋರ್ಟ್ ನಿಗಾಕ್ಕೆ ಬಂತು, ಕರಾರಿನ ಷರತ್ತುಗಳನ್ನ ಪೂರೈಸಿ ಹೊರಗೂ ಬಂತು. ಆ ಐದು ಡಾಲರ್ ಹುಡುಗ ಸತ್ತ ಹ್ಯಾಂಪ್ಟನ್ ರೋಡ್ಸ್ ಜೈಲಿನ ಮೇಲೆ 2018ರಲ್ಲಿ ವರದಿ, 2020ರಲ್ಲಿ ಡಿಕ್ರಿ, 2024ರಲ್ಲಿ ಜೈಲೇ ಮುಚ್ಚಿತು. ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊದಲ್ಲಿ 2017ರಲ್ಲಿ ಮಾನಸಿಕ ಕಾಯಿಲೆ ಇದ್ದ ಒಬ್ಬರನ್ನ 46 ಗಂಟೆ ಕುರ್ಚಿಗೆ ಬಿಗಿದು ಕೂರಿಸಿದ್ರು, ಬಿಚ್ಚಿದ ಸ್ವಲ್ಪ ಹೊತ್ತಿಗೇ ಅವರು ಸತ್ರು. ಸುಮ್ನೆ ಒಂದು ಕುರ್ಚೀಲಿ ಕೈಕಾಲು ಅಲ್ಲಾಡಿಸದೆ ಒಂದು ಗಂಟೆ ಕೂತು ನೋಡಿ, ಆಮೇಲೆ 46 ಅನ್ನೋ ಸಂಖ್ಯೆ ಅರ್ಥ ಆಗುತ್ತೆ. ಆ ಕುರ್ಚಿ ಬಳಸೋದನ್ನ ಆ ಜೈಲು ಆಮೇಲೆ ನಿಲ್ಲಿಸ್ತು.

ಯಾಕೆ ಇಷ್ಟು ನಿಧಾನ ಅಂದ್ರೆ ಬೇರು ದುಡ್ಡಿನಲ್ಲಿದೆ. ಮೆಡಿಕೇಡ್ ಅನ್ನೋ ಬಡವರ ಆರೋಗ್ಯ ಯೋಜನೆ ಶುರುವಾದ 1965ರಿಂದಲೂ ಒಳಗಿರೋರ ಚಿಕಿತ್ಸೆಗೆ ಕೆಲವೇ ವಿನಾಯಿತಿ ಬಿಟ್ಟು ದುಡ್ಡು ಕೊಡಲ್ಲ, ಖರ್ಚೆಲ್ಲಾ ಕೌಂಟಿ ತಲೆ ಮೇಲೆ, ಕೌಂಟಿ ಅದನ್ನ ಕಡಿಮೆ ರೇಟಿನ ಕಂಪನಿಗೆ ಕಾಂಟ್ರಾಕ್ಟ್ ಕೊಡುತ್ತೆ. ಮಾನಸಿಕ ಆಸ್ಪತ್ರೆಗಳಲ್ಲಿ ಹಾಸಿಗೆ ಇಲ್ಲ, ಹಾಗಾಗಿ ಹುಚ್ಚು ಹೆಚ್ಚಾದವರು ಬಂದು ಬೀಳೋದು ಜೈಲಿಗೇ. ಕಾವಲಿನ ಕೆಲಸಕ್ಕೆ ಜನ ಸಿಗಲ್ಲ, ಸಿಕ್ಕೋರು ಎರಡೆರಡು ಪಾಳಿ ಮಾಡಿ ಸುಸ್ತಾಗಿರ್ತಾರೆ. ಮೇಲಿಂದ ವಾಷಿಂಗ್ಟನ್ನಲ್ಲಿ ಆಡಳಿತ ಬದಲಾದ ಹಾಗೆ ಈ ಕೇಸುಗಳ ಮೇಲಿನ ಉತ್ಸಾಹವೂ ಬದಲಾಗುತ್ತೆ. 2018ರಲ್ಲಿ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಕನ್ಸೆಂಟ್ ಡಿಕ್ರಿಗಳಿಗೆ ಕಡಿವಾಣ ಹಾಕಿದ್ರು, 2021ರಲ್ಲಿ ಮೆರಿಕ್ ಗಾರ್ಲೆಂಡ್ ಅದನ್ನ ತೆಗೆದ್ರು, 2025ರಲ್ಲಿ ಲೂಯಿವಿಲ್ ಮತ್ತು ಮಿನಿಯಾಪೊಲಿಸ್ ಪೊಲೀಸ್ ಇಲಾಖೆಗಳ ಮೇಲಿದ್ದ ಕೇಸುಗಳನ್ನ ಇಲಾಖೆಯೇ ವಾಪಸ್ ತಗೊಳ್ತು. ಒಳಗೆ ಕೂತೋನ ಹಕ್ಕು ಚುನಾವಣೆ ಫಲಿತಾಂಶದ ಮೇಲೆ ನಿಲ್ಲಬಾರ್ದು ಅಂತ ನಾನು ಗಟ್ಟಿಯಾಗಿ ನಂಬಿದೀನಿ, ಅದಕ್ಕೇ ಖೈದಿಗಳೇ ಹಾಕೋ ಕೇಸುಗಳೂ ಅಷ್ಟೇ ಮುಖ್ಯ. ನುನೆಜ್ ಕೇಸ್ ಶುರು ಮಾಡಿದ್ದೇ ಅವರು.

ಪ್ರಶ್ನೆ: ಜೈಲಲ್ಲಿ ಓದೋಕೆ ಪುಸ್ತಕ ಕೊಡ್ಲೇಬೇಕು ಅಂತ ಇದೆಯಾ?

ಉತ್ತರ: ಭದ್ರತೆಗೆ ತಕ್ಕ ಮಿತಿ ಹಾಕ್ಬಹುದು, ಆದ್ರೆ ಮನಸ್ಸಿಗೆ ಬಂದ ಹಾಗೆ ಬೇಡ ಅನ್ನೋ ಹಾಗಿಲ್ಲ. ಸೌತ್ ಕೆರೊಲಿನಾದ ಬರ್ಕ್ಲಿ ಕೌಂಟಿ ಜೈಲಲ್ಲಿ ಬೈಬಲ್ ಒಂದು ಬಿಟ್ಟು ಬೇರೆ ಪ್ರಕಟಣೆ ಒಳಗೆ ಬಿಡಲ್ಲ ಅಂತಿದ್ರು. ಒಂದು ಪತ್ರಿಕೆಯವರು 2010ರಲ್ಲಿ ಕೇಸ್ ಹಾಕಿದ್ರು, 2011ರಲ್ಲಿ ನ್ಯಾಯ ಇಲಾಖೆಯೂ ಅದಕ್ಕೆ ಸೇರ್ಕೊಳ್ತು, ಬೇರೆ ಧರ್ಮದವರ ಹಕ್ಕಿನ ಪ್ರಶ್ನೆ ಇತ್ತಲ್ಲ. 2012ರಲ್ಲಿ ರಾಜಿಯಾಗಿ ಜೈಲು ನಿಯಮ ಬದಲಾಯಿಸ್ಬೇಕಾಯ್ತು.

ಪ್ರಶ್ನೆ: ಹೊಡೆದ ಕಾವಲುಗಾರರಿಗೆ ಈ ಕೇಸಲ್ಲಿ ಶಿಕ್ಷೆ ಆಗುತ್ತಾ?

ಉತ್ತರ: ಈ ಕೇಸಲ್ಲಿ ಆಗಲ್ಲ, ಇದು ಸಿವಿಲ್. ಅಧಿಕಾರದಲ್ಲಿರೋರು ಬೇಕು ಅಂತಲೇ ಒಬ್ಬರ ಸಂವಿಧಾನದತ್ತ ಹಕ್ಕು ಕಿತ್ಕೊಂಡ್ರೆ ಅದಕ್ಕೆ ಬೇರೆ ಕ್ರಿಮಿನಲ್ ಕಲಮು ಇದೆ, 242 ಅಂತ, ಅದನ್ನ ಬೇರೆ ವಕೀಲರ ತಂಡ ನಡೆಸುತ್ತೆ, ಅಲ್ಲಿ ಸಾಬೀತು ಮಾಡೋ ಭಾರ ತುಂಬಾ ಜಾಸ್ತಿ. ಪೆಟ್ಟು ತಿಂದವರು ತಾವೇ ಸಿವಿಲ್ ಕೇಸ್ ಹಾಕಿದ್ರೆ, ವಿಚಾರಣೆಗೆ ಕಾಯ್ತಿರೋರ ವಿಷಯದಲ್ಲಿ ಕಾವಲುಗಾರನ ಮನಸ್ಸಲ್ಲಿ ಏನಿತ್ತು ಅಂತ ತೋರಿಸ್ಬೇಕಿಲ್ಲ, ಬಳಸಿದ ಬಲ ಆ ಹೊತ್ತಿಗೆ ಸಮಂಜಸವಾಗಿತ್ತಾ ಅಂತ ನೋಡಿದ್ರೆ ಸಾಕು ಅಂತ 2015ರಲ್ಲಿ ಕಿಂಗ್ಸ್‌ಲಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಪ್ರಶ್ನೆ: ನಾಲ್ಕು ತಿಂಗಳು ಒಳಗಿದ್ದು ಬಂದೆ, ಆಮೇಲೆ ಕೇಸ್ ವಜಾ ಆಯ್ತು. ಈಗ ಆ ಜೈಲಿನ ತನಿಖೆ ನಡೀತಿದೆ, ನನಗೂ ಫೋನ್ ಬಂದಿದೆ, ಮಾತಾಡ್ತೀರಾ ಅಂತ. ಮನೆಯಲ್ಲಿ ಬೇಡ ಅಂತಾರೆ, ಆಗಿದ್ದು ಆಯ್ತು ಮರ್ತುಬಿಡು ಅಂತಾರೆ. ಏನ್ ಮಾಡ್ಲಿ?

ಉತ್ತರ: ಮನೆಯವರ ಭಯ ಅರ್ಥ ಆಗುತ್ತೆ, ಅವರು ನಿಮ್ಮನ್ನ ಒಂದು ಸಲ ಕಳ್ಕೊಂಡಿದ್ರು. ಮಾತಾಡೋದು ಬಿಡೋದು ಪೂರ್ತಿ ನಿಮ್ಮಿಷ್ಟ, ಯಾರೂ ಬಲವಂತ ಮಾಡೋ ಹಾಗಿಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಮಾತಾಡಿ. ಮೊದಲು ಫೋನ್ ಮಾಡಿದವರು ನಿಜವಾಗ್ಲೂ ಇಲಾಖೆಯವರೇನಾ ಅಂತ ಇಲಾಖೆಯ ಅಧಿಕೃತ ನಂಬರಿಗೆ ನೀವೇ ಮಾಡಿ ಖಾತ್ರಿ ಮಾಡ್ಕೊಳ್ಳಿ. ನಿಮ್ಮ ಹಳೇ ವಕೀಲರಿಗೆ ಒಂದು ಮಾತು ತಿಳಿಸಿ, ವೀಸಾ ಮೇಲೆ ಇದ್ರೆ ಇಮಿಗ್ರೇಶನ್ ವಕೀಲರನ್ನೂ ಕೇಳಿ. ಹೆಸರು ಗುಟ್ಟಾಗಿ ಇಡ್ತೀರಾ ಅಂತ ಮಾತಿನ ಶುರುವಲ್ಲೇ ಕೇಳಿ.

ಆಮೇಲೆ ಕೂತು ನೆನಪು ಮಾಡ್ಕೊಂಡು ಬರೀರಿ. ದೊಡ್ಡ ದೊಡ್ಡ ಮಾತು ಬೇಕಿಲ್ಲ. ಯಾವ ಬ್ಲಾಕು, ರಾತ್ರಿ ಎಷ್ಟು ಜನ ನೆಲದ ಮೇಲೆ ಮಲಗ್ತಿದ್ರಿ, ಸೆಲ್ಲಿನ ತುರ್ತು ಬಟನ್ ಒತ್ತಿದ್ರೆ ಯಾರಾದ್ರೂ ಬರ್ತಿದ್ರಾ, ಎಷ್ಟು ಹೊತ್ತಿಗೆ. ನಿಮ್ಮ ಪತ್ರದ ಕೊನೇಲಿ ಬರ್ದಿದೀರಲ್ಲ, ಪಕ್ಕದ ಸೆಲ್ಲಿನ ಮುದುಕರು ಉಸಿರು ಕಟ್ಟುತ್ತೆ ಅಂತ ಗೋಡೆ ಬಡೀತಿದ್ರು, ನೀವು ಈ ಕಡೆಯಿಂದ ಬಡಿದು 'ಇದೀನಿ' ಅಂತಿದ್ರಿ ಅಂತ, ಅದನ್ನ ಹೇಳಿ. ಅವರು ಈಗ ಎಲ್ಲಿದಾರೋ ನಿಮಗೂ ಗೊತ್ತಿಲ್ಲ ಅಂದ್ರಿ. ತನಿಖೆಯವರ ಹತ್ರ ಆ ಬ್ಲಾಕಿನ ಪಟ್ಟಿ ಇರುತ್ತೆ, ತಾರೀಖು ಹೇಳಿದ್ರೆ ಅವರು ಹುಡುಕಬಹುದು.